ದತ್ತನ ಹಿಂದೆ ನಿಂತ ಹಸು

ನಮ್ಮ ದೇವರ ಕೋಣೆಯ ದತ್ತನ ಪಟ ನನಗಿಂತ ಮೊದಲೇ ಈ ಮನೆಗೆ ಬಂದದ್ದು. ಅತ್ತೆಯ ತಂದೆ ನರಸೋಬವಾಡಿಯಲ್ಲಿ ಕೊಂಡು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೈಯಲ್ಲಿಟ್ಟರಂತೆ. ಮೂರು ಮುಖ, ಆರು ಕೈ, ಕಾಲ ಬಳಿ ನಾಲ್ಕು ನಾಯಿ, ಬೆನ್ನ ಹಿಂದೆ ಒಂದು ಹಸು. ಗುರುವಾರ ಬಂತೆಂದರೆ ಅತ್ತೆ ಮೊದಲು ದತ್ತನ ಪಾದಕ್ಕೆ, ಆಮೇಲೆ ಹಸುವಿನ ಹಣೆಗೆ ಕುಂಕುಮ ಹಚ್ಚುತ್ತಾರೆ. ಪಟದ ಗಾಜು ಒಡೆದು ಇಪ್ಪತ್ತು ವರ್ಷವಾಯಿತು. ಹೊಸದು ಹಾಕಿಸುತ್ತೇನೆ ಎಂದರೆ ಒಪ್ಪುವುದಿಲ್ಲ. ಗಾಜಿದ್ದರೆ ಬೆರಳಿಗೆ ದೇವರು ಸಿಗುವುದಿಲ್ಲ ಎನ್ನುತ್ತಾರೆ. ಹೀಗೆ ಹಚ್ಚಿ ಹಚ್ಚಿ ಹಸುವಿನ ಮುಖ ಅಳಿದುಹೋಗಿದೆ. ಅಲ್ಲೀಗ ಉಳಿದಿರುವುದು ಹೆಬ್ಬೆರಳಿನಗಲದ ಒಂದು ಕೆಂಪು ಕಲೆ, ಅದರ ಮೇಲೆ ಎರಡು ಕೊಂಬು.

ಕಳೆದ ದತ್ತ ಜಯಂತಿಯ ಮರುದಿನ ರಾತ್ರಿ ಪ್ರಸಾದದ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆ, ನಾನು ಮತ್ತು ಅತ್ತೆ ಕುಳಿತು ಮರಾಠಿಯ ‘ದೇಊಳ್’ ಚಿತ್ರ ನೋಡಿದೆವು. ಅತ್ತೆಗೆ ಎಂಬತ್ತನಾಲ್ಕು. ಅವರು ನೋಡಿದ್ದು ಮೊದಲ ಸಲ, ನಾನು ಎರಡನೆಯ ಸಲ. ನಾನು ಮೊದಲು ನೋಡಿದ್ದು 2011ರ ನವೆಂಬರಿನಲ್ಲಿ, ಚಿತ್ರ ತೆರೆಗೆ ಬಂದ ಹೊಸದರಲ್ಲೇ, ಕೊಲ್ಹಾಪುರದಲ್ಲಿ. ಮಗಳ ಕನ್ನಡಕ ಮಾಡಿಸಲು ಹೋಗಿದ್ದೆವು. ಮೂರು ಗಂಟೆ ಬಿಟ್ಟು ಬನ್ನಿ ಎಂದರು. ಹತ್ತಿರದಲ್ಲೇ ಚಿತ್ರಮಂದಿರವಿತ್ತು. ನಿಪ್ಪಾಣಿ ಕಡೆಯವರಿಗೆ ಕೊಲ್ಹಾಪುರ ಪರಸ್ಥಳವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗುಡಿಯಲ್ಲಿ ಎರಡೂ ನಡೆಯುವ ಸೀಮೆ ನಮ್ಮದು. ದೇಊಳ್ ಎಂದರೆ ನಮ್ಮ ದೇಗುಲವೇ. ದೇವಕುಲ ಎಂಬ ಒಂದೇ ಮಾತು ಅತ್ತ ಹಾಗೆ ಸವೆದಿದೆ, ಇತ್ತ ಹೀಗೆ.

ಆ ದಿನ ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದೆ. ಅದು ಏಕೆ ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಹೇಳಬೇಕು.

ನಾನು ಮೂವತ್ತೊಂದು ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದವಳು. ಹಳ್ಳಿಯವರ ಬಾಯಲ್ಲಿ ನರ್ಸಬಾಯಿ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಲೆಕ್ಕ. ನನ್ನ ಪಾಲಿಗಿದ್ದದ್ದು ಒಂದು ಉಪಕೇಂದ್ರ. ಉಪಕೇಂದ್ರ ಎಂಬುದು ಹೆಸರು ಮಾತ್ರ. ಒಬ್ಬರ ತಂಬಾಕಿನ ಉಗ್ರಾಣಕ್ಕೆ ಅಂಟಿಕೊಂಡ ಬಾಡಿಗೆಯ ಕೋಣೆ ಅದು, ಮೇಲೆ ತಗಡು. ಬಸುರಿಯರ ಹೊಟ್ಟೆ ಮುಟ್ಟಿ ನೋಡಲು ಹಳೆಯ ಸೀರೆಯ ಪರದೆ ಕಟ್ಟಿದ್ದೆ. ಮಳೆಗಾಲದಲ್ಲಿ ತಾಯಿ ಕಾರ್ಡುಗಳನ್ನೂ ರಿಜಿಸ್ಟರುಗಳನ್ನೂ ಹಾಲಿನ ಕ್ಯಾನಿನಲ್ಲಿಟ್ಟು ಮುಚ್ಚುತ್ತಿದ್ದೆ. ತಂಬಾಕಿನ ಘಾಟಿಗೆ ಕೂಸುಗಳು ಸೀನುತ್ತಿದ್ದವು. ಬೀಡಿ ಕಟ್ಟುವ ಹೆಂಗಸರಿಗೆ ಮಾತ್ರ ಆ ಘಾಟು ಗೊತ್ತೇ ಆಗುತ್ತಿರಲಿಲ್ಲ.

ಗುರುವಾರ ಲಸಿಕೆಯ ದಿನ. ನಮ್ಮ ರಾಜ್ಯದಲ್ಲಿ ಬಹಳ ಹಿಂದಿನಿಂದಲೂ ಹಾಗೆಯೇ. ಗುರುವಾರ ದತ್ತನ ವಾರವೂ ಹೌದು. ಬೆಳಿಗ್ಗೆ ಮಂಜುಗಡ್ಡೆಯ ಪ್ಯಾಕುಗಳ ನಡುವೆ ಲಸಿಕೆ ಇಟ್ಟ ನೀಲಿ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ನಾನು ಬಸ್ಸಿಳಿಯುವ ಹೊತ್ತಿಗೆ, ಕೂಸುಗಳ ತಾಯಂದಿರು ತೆಂಗಿನಕಾಯಿ ಹಿಡಿದು ಗುಡಿಯ ಕಡೆ ಹೋಗುತ್ತಿದ್ದರು. ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಎರಡು ವರ್ಷ ಸಿಟ್ಟು ಮಾಡಿದ ಮೇಲೆ ಡಬ್ಬಿಯನ್ನು ಗುಡಿಯ ಕಟ್ಟೆಗೇ ಒಯ್ದೆ. ದರ್ಶನ ಮುಗಿಸಿ ಬಂದ ತಾಯಿ ಅಲ್ಲೇ ಕೂಸಿನ ತೊಡೆ ತೋರಿಸುತ್ತಿದ್ದಳು. ಚುಚ್ಚಿಸಿಕೊಂಡ ಕೂಸು ಅತ್ತರೆ ಪೂಜಾರಿ ಸಕ್ಕರೆಯ ಪ್ರಸಾದವನ್ನು ಅದರ ತುಟಿಗೆ ಸವರುತ್ತಿದ್ದರು. ದೇವರಿಗೂ ನನಗೂ ಜಗಳವಿರಲಿಲ್ಲ ಎಂದು ಹೇಳುವುದಕ್ಕೆ ಇದಿಷ್ಟನ್ನೂ ಬರೆದೆ.

ಇನ್ನು ಚಿತ್ರ. ನಿರ್ದೇಶಕರು ಉಮೇಶ್ ವಿನಾಯಕ ಕುಲಕರ್ಣಿ. ಬರೆದವರು ಗಿರೀಶ್ ಕುಲಕರ್ಣಿ, ಮುಖ್ಯ ಪಾತ್ರವೂ ಅವರದೇ. ಮಂಗರೂಳ್ ಎಂಬ ಹಳ್ಳಿ. ಊರ ಧಣಿ, ರಾಜಕಾರಣಿ ಭಾವೂ ಗಲಾಂಡೆಯಾಗಿ ನಾನಾ ಪಾಟೇಕರ್. ಓದಿಕೊಂಡ, ಊರಿನ ಒಳಿತು ಬಯಸುವ ಹಿರಿಯ ಅಣ್ಣಾ ಪಾತ್ರದಲ್ಲಿ ದಿಲೀಪ್ ಪ್ರಭಾವಳಕರ್. ಭಾವೂನ ದನ ಕಾಯುವವನು ಕೇಶ್ಯಾ. ಅವನಿಗೆ ಪ್ರಾಣವಾದ ಹಸುವಿನ ಹೆಸರು ಕರಡಿ. ನಮ್ಮ ಕಿವಿಗೆ ಅದು ಬೇರೆ ಪ್ರಾಣಿ, ಮರಾಠಿಯಲ್ಲಿ ಬೂದು ಬಣ್ಣದ್ದು ಎಂದು ಅರ್ಥ. ಆ ಹಸು ಒಂದು ದಿನ ತಪ್ಪಿಸಿಕೊಳ್ಳುತ್ತದೆ. ಬಿಸಿಲಲ್ಲಿ ಹುಡುಕಿ ಸುಸ್ತಾದ ಕೇಶ್ಯಾ ಗುಡ್ಡದ ಮೇಲಿನ ಔದುಂಬರದ ನೆರಳಿನಲ್ಲಿ ಮಲಗುತ್ತಾನೆ. ಅಲ್ಲಿ ಅವನಿಗೆ ದತ್ತ ಕಾಣಿಸುತ್ತಾನೆ. ಹುಚ್ಚು ಹಿಡಿದವನಂತೆ ಕೂಗುತ್ತ ಊರೊಳಗೆ ಓಡಿ ಬರುತ್ತಾನೆ.

ನಮ್ಮ ಕಡೆ ಇದಕ್ಕೆ ದೃಷ್ಟಾಂತವಾಯಿತು ಎನ್ನುತ್ತಾರೆ. ಔದುಂಬರ ಎಂದರೆ ಅತ್ತಿ. ದತ್ತ ಸಂಪ್ರದಾಯದಲ್ಲಿ ಅತ್ತಿಯ ಮರಕ್ಕೆ ದೇವರಷ್ಟೇ ಮಾನ. ಕೃಷ್ಣೆಗೆ ಪಂಚಗಂಗೆ ಬಂದು ಸೇರುವ ನರಸೋಬವಾಡಿಯಲ್ಲಿ ಪಾದುಕೆಗಳಿರುವುದು ಅದರ ಬುಡದಲ್ಲಿ. ಮಳೆಗಾಲದಲ್ಲಿ ಹೊಳೆ ಏರಿ ಗರ್ಭಗುಡಿಯೊಳಗೆ ಹರಿಯುತ್ತದೆ, ಆ ನೀರಿನಲ್ಲಿ ಮೀಯಲು ಜನ ಕಾದು ನಿಲ್ಲುತ್ತಾರೆ. ಭೀಮೆ, ಅಮರಜೆಯರು ಕೂಡುವ ನಮ್ಮ ಗಾಣಗಾಪುರದಲ್ಲಿ ದತ್ತ ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಅದಕ್ಕೇ ಅಲ್ಲಿಗೆ ಹೋದವರು ಐದು ಮನೆಯ ಮಾಧುಕರಿ ಬೇಡುತ್ತಾರೆ, ತಾವೂ ಬೇಡಿದವರಿಗೆ ನೀಡುತ್ತಾರೆ. ಅತ್ತೆಯೂ ಸೆರಗೊಡ್ಡಿ ಬೇಡಿದವರೇ. ಮರಾಠಿಯ ಗುರುಚರಿತ್ರೆಯನ್ನು ಬರೆದ ಸರಸ್ವತೀ ಗಂಗಾಧರ ತನಗೆ ಮರಾಠಿ ಬಾರದು ಎಂದು ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಅವನ ತಾಯ್ನುಡಿ ಕನ್ನಡ, ಗ್ರಂಥದ ನಡುವೆ ಕನ್ನಡದ ಪದಗಳೂ ಬರುತ್ತವೆ. ಗಡಿಯ ಎರಡೂ ಕಡೆ ಹೊಕ್ಕು ಬಳಕೆಯಾದ ದೇವರು ಇವನು. ಹೀಗಾಗಿ ಕೇಶ್ಯಾ ‘ದತ್ತ ಕಂಡ’ ಎಂದು ಕೂಗಿದಾಗ ಕೊಲ್ಹಾಪುರದ ಆ ಚಿತ್ರಮಂದಿರದಲ್ಲಿ ನನ್ನ ಪಕ್ಕದ ಹೆಂಗಸು ಕೈ ಮುಗಿದಳು. ನಾನೂ ಮುಗಿದೆ.

ಈಗ ನೋಡುವಾಗ ಹೊಳೆದದ್ದು ಬೇರೆ. ಕೇಶ್ಯಾ ದೇವರನ್ನು ಹುಡುಕಿ ಹೋದವನಲ್ಲ, ಹಸುವನ್ನು ಹುಡುಕಿ ಹೋದವನು. ಹಸು ಎಲ್ಲಿದೆಯೋ ಅದರ ಮುಂದೆ ದತ್ತ ನಿಂತಿರಲೇಬೇಕಲ್ಲ. ಪಟದಲ್ಲಿ ಹಾಗೆಯೇ ಇದೆ. ಅವನು ಕಂಡದ್ದು ಕನಸೋ ನಿಜವೋ ಎಂದು ಚಿತ್ರ ತೀರ್ಪು ಕೊಡುವುದಿಲ್ಲ. ಅಣ್ಣಾ ಕೂಡ ಅವನನ್ನು ಹೀಯಾಳಿಸುವುದಿಲ್ಲ. ಕಂಡದ್ದನ್ನು ಮನಸ್ಸಿನಲ್ಲೇ ಇಟ್ಟುಕೋ ಎನ್ನುವ ಅರ್ಥದ ಬುದ್ಧಿಮಾತು ಹೇಳುತ್ತಾನೆ. ಅದು ನಾಸ್ತಿಕನ ಮಾತಲ್ಲ. ಗುರುವಿನಿಂದ ಮಂತ್ರ ಪಡೆದ ಹಿರಿಯರೂ ಇದನ್ನೇ ಹೇಳುತ್ತಾರೆ.

ಆದರೆ ಊರು ಬಿಡಬೇಕಲ್ಲ. ಕೆಲಸವಿಲ್ಲದ ಹುಡುಗರ ಗುಂಪಿಗೆ ದತ್ತ ಸಿಗುತ್ತಾನೆ. ಪತ್ರಿಕೆಯವನಿಗೆ ಸುದ್ದಿ ಸಿಗುತ್ತದೆ. ಗುಡಿ ಆಗಲೇಬೇಕು ಎನ್ನುತ್ತಾರೆ. ಆ ಊರಿಗೆ ಒಂದು ಆಸ್ಪತ್ರೆ ಬರುವುದರಲ್ಲಿತ್ತು, ಅಣ್ಣಾ ಅದಕ್ಕಾಗಿ ಯೋಜನೆ ಹಾಕಿದ್ದ, ಭಾವೂ ಕೂಡ ಮೊದಲು ಅದರ ಪರವಾಗಿದ್ದ. ಗುಡಿಯ ಗದ್ದಲದಲ್ಲಿ ಆಸ್ಪತ್ರೆ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಯಾರೂ ಅದನ್ನು ವಿರೋಧಿಸುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಅದರ ಮಾತೆತ್ತುವವರು ಕಡಿಮೆಯಾಗುತ್ತಾರೆ, ಅಷ್ಟೇ. ನಾನು ಕುರ್ಚಿಯ ಕೈ ಹಿಡಿದದ್ದು ಅಲ್ಲಿ.

ನನ್ನ ಹಳ್ಳಿಯ ಹೊರಗೆ, ರಸ್ತೆಯ ಪಕ್ಕ, ಅತ್ತಿಯ ಮರದಡಿ ಒಂದು ದತ್ತನ ಗುಡಿಯಿತ್ತು. ಎಂಟು ಜನ ನಿಂತರೆ ತುಂಬುವ ಕಲ್ಲಿನ ಗುಡಿ. ಅದರ ಎದುರಿಗೆ ಐದು ಗುಂಟೆ ಸರಕಾರಿ ಜಾಗ. ಉಪಕೇಂದ್ರದ ಕಟ್ಟಡಕ್ಕೆ ಅದನ್ನು ಕೊಡಬಹುದೆಂದು ಹಿರಿಯರೊಬ್ಬರು ಬಾಯಿಮಾತಿನಲ್ಲಿ ಒಪ್ಪಿದ್ದರು. ನಾನು ಅರ್ಜಿ ಬರೆದೆ. ಒಂದಲ್ಲ, ನಾಲ್ಕು. ಕೊನೆಯದರ ನಕಲು ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅಷ್ಟರಲ್ಲಿ ಯಾರದೋ ಹರಕೆ ಫಲಿಸಿತು, ಅದು ಬಾಯಿಂದ ಬಾಯಿಗೆ ಹೋಯಿತು, ‘ಜಾಗೃತ ಸ್ಥಾನ’ ಎಂಬ ಹೆಸರು ಬಿತ್ತು. ದತ್ತ ಜಯಂತಿಗೆ ಟ್ರ್ಯಾಕ್ಟರುಗಳು, ಆಮೇಲೆ ಕಾರುಗಳು ಬರತೊಡಗಿದವು.

ಇಲ್ಲಿ ಒಬ್ಬ ಹುಡುಗನ ವಿಷಯ ಹೇಳಬೇಕು. ಅದು ನಡೆದದ್ದು 2010ರ ಮಳೆಗಾಲದಲ್ಲಿ, ನಾನು ಚಿತ್ರ ನೋಡುವುದಕ್ಕೆ ಒಂದು ವರ್ಷ ಮುಂಚೆ. ಹನ್ನೊಂದು ವರ್ಷದವನು. ನೆಲದ ಮೇಲೆ ಚಾಪೆ ಹಾಸಿ ಅಜ್ಜನ ಪಕ್ಕ ಮಲಗಿದ್ದ. ನಸುಕಿನಲ್ಲಿ ಹೊಟ್ಟೆನೋವು ಎಂದು ಎದ್ದ, ಎರಡು ಸಲ ವಾಂತಿ ಮಾಡಿದ. ಹಿಂದಿನ ದಿನ ಗುಡಿಯ ಅತ್ತಿಮರ ಹತ್ತಿದ್ದನಂತೆ. ಅದರ ದೋಷ ಎಂದು ಮನೆಯವರು ನಿರ್ಧರಿಸಿದರು. ಹೊತ್ತುಕೊಂಡು ಗುಡಿಗೆ ಹೋದರು. ಹಣೆಗೆ ಅಂಗಾರ, ಅಂದರೆ ಗುಡಿಯ ಬೂದಿ, ಹಚ್ಚಿ, ಅದನ್ನೇ ನೀರಿನಲ್ಲಿ ಕಲೆಸಿ ಕುಡಿಸಿದರು.

ಅದು ಗುರುವಾರ. ನಾನು ಡಬ್ಬಿ ಹಿಡಿದು ಕಟ್ಟೆಗೆ ಬಂದಾಗ ಹುಡುಗ ತಾಯಿಯ ತೊಡೆಯ ಮೇಲಿದ್ದ. ನಾನು ಬಗ್ಗಿ ನೋಡಿದೆ. ‘ನಿದ್ದೆ ಬಂದಿದೆ ಬಾಯಿ, ರಾತ್ರಿಯೆಲ್ಲ ಮಲಗಿಲ್ಲ, ದೇವರು ಈಗ ಕಣ್ಣು ಮುಚ್ಚಿಸಿದ’ ಎಂದಳು. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಆದರೆ ಹುಡುಗ ನಿದ್ದೆ ಮಾಡುತ್ತಿರಲಿಲ್ಲ. ಆ ಅರೆಗಣ್ಣಿನ ಒಳಗಿನಿಂದ ನನ್ನನ್ನೇ ನೋಡುತ್ತಿದ್ದ. ರೆಪ್ಪೆ ಎತ್ತಲು ಹಣೆಯನ್ನೆಲ್ಲ ಸುಕ್ಕು ಮಾಡುತ್ತಿದ್ದ, ರೆಪ್ಪೆ ಏಳುತ್ತಿರಲಿಲ್ಲ. ಹೆಸರು ಹೇಳು ಎಂದೆ. ನಾಲಿಗೆ ತೊಡರಿತು. ತುಟಿಯ ತುದಿಯಿಂದ ಜೊಲ್ಲು ಅಂಗಾರದ ನೀರಿನೊಂದಿಗೆ ಬೂದು ಬಣ್ಣವಾಗಿ ಇಳಿಯುತ್ತಿತ್ತು. ಎಡಗಿವಿಯ ಹಿಂದೆ ಸೊಳ್ಳೆ ಕಚ್ಚಿದಂತೆ ಎರಡು ಚುಕ್ಕೆ. ಬಾವಿಲ್ಲ, ರಕ್ತವಿಲ್ಲ.

ಮರಾಠಿಯವರು ಮಣ್ಯಾರ ಎನ್ನುವ ಕಟ್ಟುಹಾವು ಹೀಗೆಯೇ ಕಚ್ಚುತ್ತದೆ. ರಾತ್ರಿ, ನೆಲದಲ್ಲಿ ಮಲಗಿದವರನ್ನು. ನೋವೇ ಇರುವುದಿಲ್ಲವಾದ್ದರಿಂದ ಕಚ್ಚಿದ್ದು ಗೊತ್ತಾಗುವುದಿಲ್ಲ. ವಿಷ ನರಗಳಿಗೆ ಏರಿ ಮೊದಲು ಕಣ್ಣಿನ ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರಾಡಿಸುವ ಸ್ನಾಯುಗಳು ಸೋಲುತ್ತವೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿರುವ ಮದ್ದು ಒಂದೇ. ಅದು ನನ್ನ ತಗಡಿನ ಕೋಣೆಯಲ್ಲಿ ಇರುವಂಥದ್ದಲ್ಲ. ಇದ್ದಿದ್ದರೂ ವೈದ್ಯರಿಲ್ಲದೆ ಕೊಡುವಂಥದ್ದಲ್ಲ.

ನಾನು ಹಾವು ಎಂದೆ. ಅಜ್ಜ ಅಲ್ಲ ಎಂದ. ಕೂಗಾಡಿದೆ. ಮೂವತ್ತೊಂದು ವರ್ಷದ ಕೆಲಸದಲ್ಲಿ ದೇವರ ಕಟ್ಟೆಯ ಮೇಲೆ ನಿಂತು ಕೂಗಾಡಿದ್ದು ಅದೊಂದೇ ಸಲ. 108ಕ್ಕೆ ಫೋನ್ ಮಾಡಿದ್ದು ಹೂವಿನ ಅಂಗಡಿಯವನು. ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ದಾರಿಯಲ್ಲಿ ಹುಡುಗನ ಉಸಿರು ಮೇಲುಮೇಲಕ್ಕಾಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಎಳೆಯ ವೈದ್ಯ, ಗಡ್ಡ ಕೂಡ ಸರಿಯಾಗಿ ಬಲಿತಿರಲಿಲ್ಲ, ಮದ್ದಿನ ಹತ್ತು ಸೀಸೆ ಏರಿಸಿದ. ಗಂಟಲಿಗೆ ಕೊಳವೆ ಇಳಿಸಿದ. ಉಸಿರಿನ ಯಂತ್ರ ಅಲ್ಲಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಜಾಗ ಸಿಗುವವರೆಗೆ ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತಲೇ ಇದ್ದ. ನಾಲ್ಕೈದು ಸೆಕೆಂಡಿಗೊಮ್ಮೆ ಒಂದು ಸಲ. ಅವನ ಕೈ ಸೋತಾಗ ನಾನು ಒತ್ತಿದೆ, ನನ್ನದು ಸೋತಾಗ ಅವನು. ಮಧ್ಯಾಹ್ನ ಕಳೆದು ಸಂಜೆಯಾಯಿತು.

ಹುಡುಗ ಬದುಕಿದ. ಒಂಬತ್ತು ದಿನಕ್ಕೆ ಮನೆಗೆ ಬಂದ. ಅವನಪ್ಪ ಒಂದು ಎಮ್ಮೆ ಮಾರಿ ಗುಡಿಗೆ ಹಿತ್ತಾಳೆಯ ಗಂಟೆ ಕಟ್ಟಿಸಿದ. ದತ್ತಗುರುವಿನ ಕೃಪೆಯಿಂದ ಪುನರ್ಜನ್ಮ ಪಡೆದವನ ಸೇವೆ ಎಂದು ಅದರ ಮೇಲೆ ಕೊರೆಸಿದ. ಅಂಗಾರ ಹುಡುಗನನ್ನು ಉಳಿಸಿತು ಎಂಬ ಮಾತು ಕೊಲ್ಹಾಪುರದವರೆಗೆ ಹೋಯಿತು. ಮರುವರ್ಷದ ದತ್ತ ಜಯಂತಿಗೆ ಎಂದೂ ಇಲ್ಲದ ಜನ.

ಆ ಜಯಂತಿಗೆ ಎರಡು ತಿಂಗಳ ಮುಂಚೆ ಗ್ರಾಮಸಭೆ ಸೇರಿತು. ಐದು ಗುಂಟೆಯ ಜಾಗದಲ್ಲಿ ಗುಡಿಗೆ ಬರುವ ವಾಹನಗಳ ನಿಲುಗಡೆ ಮತ್ತು ಸಭಾಮಂಟಪ ಎಂಬ ಠರಾವು ಓದಿದರು. ನಾನು ಎದ್ದು ನಿಂತು ಉಪಕೇಂದ್ರದ ಮಾತೆತ್ತಿದೆ. ಆ ಹುಡುಗನ ಹೆಸರು ಹೇಳಿದೆ, ರೆಪ್ಪೆಯ ಮಾತು ಹೇಳಿದೆ. ಸಭೆ ಗೌರವದಿಂದ ಕೇಳಿತು. ಬಾಯಿ ಹೇಳುವುದು ಸರಿ, ಆಸ್ಪತ್ರೆಗೂ ಜಾಗ ನೋಡೋಣ ಎಂದರು. ಆಮೇಲೆ ಕೈ ಎತ್ತಿಸಿದರು. ಹುಡುಗನ ಅಪ್ಪ ನೆಲ ನೋಡುತ್ತ ಕುಳಿತಿದ್ದ. ನನ್ನ ಕಡೆ ಒಮ್ಮೆ ನೋಡಿದ, ಮತ್ತೆ ನೆಲ ನೋಡಿದ, ಅವನ ಕೈ ನಿಧಾನವಾಗಿ ಎದ್ದಿತು. ಹೆಂಗಸರ ಸಾಲಿನಲ್ಲಿ ನನ್ನ ಅತ್ತೆಯ ಕೈಯೂ ಎದ್ದಿತ್ತು.

ಒಂದು ತಿಂಗಳ ನಂತರ ನಾನು ‘ದೇಊಳ್’ ನೋಡಿದೆ.

ಮೂಢನಂಬಿಕೆಯನ್ನು ವಿಡಂಬಿಸುವ ಚಿತ್ರಗಳು ಆಮೇಲೆ ಬೇರೆಯೂ ಬಂದವು. ಭೂಕಂಪದಲ್ಲಿ ಅಂಗಡಿ ಕಳೆದುಕೊಂಡವನು ದೇವರ ಮೇಲೆಯೇ ದಾವೆ ಹೂಡುವ ಹಿಂದಿಯ ‘ಓ ಮೈ ಗಾಡ್’ 2012ರಲ್ಲಿ ಬಂತು. ಅದಕ್ಕೆ ಮೂಲ ಒಂದು ಗುಜರಾತಿ ನಾಟಕ. ಕನ್ನಡದಲ್ಲಿ 2016ರಲ್ಲಿ ಅದೇ ‘ಮುಕುಂದ ಮುರಾರಿ’ಯಾಯಿತು. ನಡುವೆ 2014ರಲ್ಲಿ ‘ಪಿಕೆ’. ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಮಗಳ ಜೊತೆ ಕುಳಿತು ಚಪ್ಪಾಳೆ ತಟ್ಟಿದ್ದೇನೆ. ಆದರೆ ಒಂದರಲ್ಲಿ ಸ್ವತಃ ಕೃಷ್ಣನೇ ಇಳಿದು ಬಂದು ದಾರಿ ತೋರಿಸುತ್ತಾನೆ, ಇನ್ನೊಂದರಲ್ಲಿ ಬೇರೆ ಗ್ರಹದವನು ಬರಬೇಕಾಗುತ್ತದೆ. ಎರಡರಲ್ಲೂ ಕೊನೆಗೆ ಬಯಲಾಗಲು ಒಬ್ಬ ಕಪಟ ಸ್ವಾಮಿ ಇರುತ್ತಾನೆ. ನೋಡುವವನು ಆ ಸ್ವಾಮಿಯನ್ನು ಬೈದು ಹಗುರವಾಗಿ ಮನೆಗೆ ಹೋಗಬಹುದು. ‘ದೇಊಳ್’ನಲ್ಲಿ ಕಪಟ ಸ್ವಾಮಿಯೇ ಇಲ್ಲ. ಮೊದಲು ದರ್ಶನ ಕಂಡವನು ಸುಳ್ಳುಗಾರನಲ್ಲ. ಭಾವೂ ಕೂಡ ರಾಕ್ಷಸನಲ್ಲ, ಗಾಳಿ ಬಂದ ಕಡೆ ತೂರಿಕೊಳ್ಳುವವನು. ಗುಡಿ ಕಟ್ಟಿದ್ದು ಊರು. ಅಂದರೆ ಗ್ರಾಮಸಭೆಯಲ್ಲಿ ಕೈ ಎತ್ತಿದವರು.

ಚಿತ್ರದ ದೊಡ್ಡ ಧೈರ್ಯ ಇನ್ನೊಂದಿದೆ. ಗುಡಿಯಾದ ಮೇಲೆ ಮಂಗರೂಳ್ ಉದ್ಧಾರವಾಗುತ್ತದೆ. ಅಂಗಡಿಗಳು ಏಳುತ್ತವೆ, ಹೆಂಗಸರ ಕೈಗೆ ದುಡ್ಡು ಬರುತ್ತದೆ, ಖಾಲಿ ಕುಳಿತ ಹುಡುಗರಿಗೆ ಕೆಲಸವಾಗುತ್ತದೆ. ಅದನ್ನು ಚಿತ್ರ ಮುಚ್ಚಿಡುವುದಿಲ್ಲ, ನಾನೂ ಮುಚ್ಚಿಡಲಾರೆ. ನನ್ನ ಹಳ್ಳಿಯಲ್ಲಿ ಗಂಡ ಸತ್ತ ಒಬ್ಬಾಕೆ ಹದಿನೈದು ವರ್ಷ ಬೀಡಿ ಕಟ್ಟಿ ಕೆಮ್ಮುತ್ತಿದ್ದಳು. ಗುಡಿಯ ಮುಂದೆ ಹೂವು, ಪೇಢೆ ಇಟ್ಟ ಮೇಲೆ ಬೀಡಿ ಬಿಟ್ಟಳು, ಅವಳ ಕೆಮ್ಮು ಕಡಿಮೆಯಾಯಿತು. ಅವಳಿಗೆ ಹೋಗಿ ಈ ಗುಡಿ ಬೇಡವಾಗಿತ್ತು ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಅವಳ ಮಗಳಿಗೆ ಹೆರಿಗೆ ನೋವು ಬಂದಾಗ ಪೇಢೆಯ ತಟ್ಟೆಗಳನ್ನು ಸರಿಸಿ ಆಟೊದಲ್ಲಿ ಹದಿನಾಲ್ಕು ಕಿಲೋಮೀಟರ್ ಹೋದದ್ದೂ ಇದೇ ಗುಡಿಯ ಮುಂದಿನಿಂದ.

ನನಗೆ ಚಿತ್ರದಲ್ಲಿ ಒಂದು ಕೊರತೆ ಕಂಡಿತು. ಆಸ್ಪತ್ರೆ ಬೇಕೆಂಬ ಮಾತು ಹೆಚ್ಚಾಗಿ ಅಣ್ಣಾನಂಥ ಓದಿದ ಹಿರಿಯರ ಬಾಯಲ್ಲೇ ಉಳಿಯುತ್ತದೆ. ನೋವು ತಿನ್ನುವ ಒಂದು ಹೆಣ್ಣಿನ ಬಾಯಿಂದ ಅದು ಬಂದಿದ್ದರೆ ನಗುತ್ತಿದ್ದ ಚಿತ್ರಮಂದಿರ ಗಪ್ಪನೆ ಮೌನವಾಗುತ್ತಿತ್ತು.

59ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲವನ್ನು ‘ದೇಊಳ್’ ಪಡೆಯಿತು. ನಮ್ಮ ಕರಾವಳಿಯ ಬ್ಯಾರಿ ಭಾಷೆಯ ‘ಬ್ಯಾರಿ’ ಚಿತ್ರದ ಜೊತೆ ಹಂಚಿಕೊಂಡಿತು. ಗಿರೀಶ್ ಕುಲಕರ್ಣಿಯವರಿಗೆ ನಟನೆಗೂ ಸಂಭಾಷಣೆಗೂ ಪ್ರಶಸ್ತಿ ಬಂತು. ಇಂಥ ಚಿತ್ರವನ್ನು ಜನ ನಕ್ಕು ಒಪ್ಪಿಕೊಂಡರಲ್ಲ ಎಂದು ಆಗ ಸಮಾಧಾನಪಟ್ಟಿದ್ದೆ. ಎರಡು ವರ್ಷ ಕಳೆಯುವುದರೊಳಗೆ, 2013ರ ಆಗಸ್ಟ್ 20ರ ಬೆಳಿಗ್ಗೆ, ಪುಣೆಯಲ್ಲಿ ವಾಯುವಿಹಾರಕ್ಕೆ ಹೋದ ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. ಅವರು ಮಿರಜಿನಲ್ಲಿ ಕಲಿತ ವೈದ್ಯರು. ಮೂಢನಂಬಿಕೆಯ ವಿರುದ್ಧದ ಕಾಯ್ದೆಗಾಗಿ ವರ್ಷಗಟ್ಟಲೆ ಮಹಾರಾಷ್ಟ್ರ ಸುತ್ತಿದವರು. ಆ ಕಾಯ್ದೆ ಬಂದದ್ದು ಅವರು ಸತ್ತ ಮೇಲೆ. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ವಿಚಾರವಾದಿ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಹೀಗೆಯೇ ಗುಂಡಿಗೆ ಬಲಿಯಾದರು. ಇವೆಲ್ಲ ನಮಗೆ ದೂರದ ಊರುಗಳಲ್ಲ, ಮಗಳನ್ನು ಕಾಲೇಜಿಗೆ ಹಚ್ಚಲು ಹೋದ ಊರುಗಳು. ನಮ್ಮ ರಾಜ್ಯದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ನಾನು ನಿವೃತ್ತಳಾದ ವರ್ಷ. ಹಾವು, ನಾಯಿ, ಚೇಳು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ, ತಾಯಿತದ ಉಪಚಾರ ಮಾಡುವುದು ಅದರ ಪ್ರಕಾರ ಅಪರಾಧ. ಆ ಸಾಲನ್ನು ನಾನು ಎರಡು ಸಲ ಓದಿದೆ. ಓದಿ, ಆ ಅಜ್ಜ ನೆನಪಾದ. ಅವನನ್ನು ಜೈಲಿಗೆ ಹಾಕಿದ್ದರೆ ನನಗೆ ಸಂತೋಷವಾಗುತ್ತಿರಲಿಲ್ಲ. ಅವನು ಮೊಮ್ಮಗನನ್ನು ಎಲ್ಲಿಗೆ ಒಯ್ಯಬೇಕಿತ್ತು? ಕಣ್ಣಿಗೆ ಕಾಣುವ ದೂರದಲ್ಲಿ, ಬೆಳಗಿನ ಆರು ಗಂಟೆಗೆ ಬಾಗಿಲು ತೆರೆದಿದ್ದ ಜಾಗ ಗುಡಿ ಒಂದೇ.

ಕೇಶ್ಯಾನ ಕೊನೆಗೆ ಬರುತ್ತೇನೆ. ತಾನು ಕಂಡ ದತ್ತ ಈ ಗದ್ದಲದಲ್ಲಿ ಇಲ್ಲ ಎಂದು ಅವನಿಗೆ ಅನ್ನಿಸುತ್ತದೆ. ಮೂರ್ತಿಯನ್ನು ಗುಡಿಯಿಂದ ಕದ್ದೊಯ್ದು ನೀರಿಗೆ ಬಿಡುತ್ತಾನೆ. ಊರು ಬೇರೊಂದು ಮೂರ್ತಿ ತಂದು ಕೂರಿಸುತ್ತದೆ.

ಕೊಲ್ಹಾಪುರದಲ್ಲಿ ಇದನ್ನು ನೋಡಿದಾಗ ನನಗೆ ಅಳು ಬಂದಿತ್ತು, ಸೋಲಿನ ಅಳು. ಈ ಸಲ ನಾನು ತೆರೆಯನ್ನು ನೋಡಲಿಲ್ಲ, ಅತ್ತೆಯ ಮುಖ ನೋಡಿದೆ. ಅವರು ಚಿತ್ರದುದ್ದಕ್ಕೂ ನಕ್ಕಿದ್ದರು, ಇವನು ಥೇಟ್ ನಮ್ಮ ಊರಿನವನೇ ಎಂದು ಇಬ್ಬರು ಮೂವರನ್ನು ಗುರುತಿಸಿದ್ದರು. ಮೂರ್ತಿಯನ್ನು ಎತ್ತಿಕೊಂಡಾಗ ಬೇಸರಪಡುತ್ತಾರೆ, ಬಹುಶಃ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಏಳಲಿಲ್ಲ. ಕೈಯಲ್ಲಿದ್ದ ಜಪಮಣಿ ನಿಂತಿತ್ತು. ಮೂರ್ತಿ ನೀರಿಗೆ ಇಳಿದಾಗ ‘ಗುರುದೇವಾ’ ಎಂದು ಮೆಲ್ಲಗೆ ಅಂದರು. ಹೊಳೆಗೆ ಬಾಗಿನ ಬಿಡುವಾಗ ಅನ್ನುವ ಅದೇ ದನಿಯಲ್ಲಿ.

ಚಿತ್ರ ಮುಗಿಯಿತು. ಟಿ.ವಿ. ಆರಿಸಿದೆ. ಅವರು ಕುಳಿತೇ ಇದ್ದರು.

‘ಆ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ’ ಎಂದರು.

ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ನಾವಿಬ್ಬರೂ ಒಂದು ಸಲವೂ ಆ ಮಾತು ಆಡಿರಲಿಲ್ಲ. ‘ಗೊತ್ತು ಅತ್ತೆ’ ಎಂದೆ.

‘ನೀನು ಸಿಟ್ಟಾಗಿದ್ದೆ.’

‘ಆಗಿದ್ದೆ.’

‘ನನಗೆ ಆಗ ಹಾಗೆ ಅನ್ನಿಸಿತು. ದೇವರ ಕೆಲಸಕ್ಕೆ ಕೈ ಎತ್ತದೆ ಇರುವುದು ಹೇಗೆ? ಆಸ್ಪತ್ರೆ ಬೇಡ ಎಂದು ನಾನು ಎತ್ತಲಿಲ್ಲ ನೋಡವ್ವಾ.’

‘ಯಾರೂ ಹಾಗೆಂದು ಎತ್ತಲಿಲ್ಲ ಅತ್ತೆ’ ಎಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಯಿತು. ‘ಹಾಗೆಂದು ಎತ್ತಿದ್ದರೆ ನಾನು ಜಗಳವಾಡಬಹುದಿತ್ತು.’

ಅವರು ಸುಮ್ಮನಾದರು. ಮಣಿ ಮತ್ತೆ ಒಂದೆರಡು ಸರಿಯಿತು. ನಾನು ಹಾಸಿಗೆ ಬಿಡಿಸಲು ಎದ್ದೆ. ಹಿಂದಿನಿಂದ ಕೇಳಿದರು:

‘ಆ ಹುಡುಗನಿಗೆ ಉಸಿರು ಒತ್ತಿದ ಡಾಕ್ಟರ ಹೆಸರೇನು?’

ನಾನು ದಿಂಬು ಹಿಡಿದು ನಿಂತೆ. ಅವನ ಬಲಗೈಯ ಗಡಿಯಾರ ನೆನಪಿತ್ತು, ಚೀಲ ಒತ್ತಲು ಅಡ್ಡವಾಗುತ್ತದೆಂದು ಬಿಚ್ಚಿ ನನ್ನ ಕೈಗೆ ಕೊಟ್ಟದ್ದು ನೆನಪಿತ್ತು. ಹೆಸರು ಬಾಯಿಗೆ ಬರಲಿಲ್ಲ.

ಬೆಳಿಗ್ಗೆ ಟ್ರಂಕು ತೆಗೆದೆ. ನಾಲ್ಕನೆಯ ಅರ್ಜಿಯ ನಕಲಿನ ಕೆಳಗೆ ಆ ವರ್ಷದ ಡೈರಿ ಸಿಕ್ಕಿತು. ನನ್ನದೇ ಅಕ್ಷರ: ‘ಗಂಡು, 11 ವರ್ಷ. ಕಟ್ಟುಹಾವು. ಕಿವಿಯ ಹಿಂದೆ. 108 ಬಂದದ್ದು 8.50. ಮದ್ದು 10 ಸೀಸೆ. ಲಸಿಕೆ ಡಬ್ಬಿ ಗುಡಿಯಲ್ಲೇ ಉಳಿದಿದೆ, ಪೂಜಾರಿಯವರು ನೆರಳಲ್ಲಿ ಇಟ್ಟಿದ್ದಾರೆ. ಮುಂದಿನ ಗುರುವಾರ ಒಂಬತ್ತು ಮಕ್ಕಳು ಬಾಕಿ.’

ಅದರ ಕೆಳಗೆ, ಅಡ್ಡಗೆರೆ ಎಳೆದು, ಐದು ಗುಂಟೆಯ ಸರ್ವೆ ನಂಬರ್ ಬರೆದಿದ್ದೆ. ವೈದ್ಯನ ಹೆಸರು ಎಲ್ಲಿಯೂ ಇರಲಿಲ್ಲ.